ಹೋಟೆಲ್ ವಿದ್ಯೆಯೂ ವಿದ್ಯಾರ್ಥಿ ಸಂಘವೂ

ಬೆಂಗಳೂರಿನ ಗೋವಿಂದರಾಜನಗರದಲ್ಲಿ ಬೆಳಗಿನ ಆರು ಗಂಟೆಗೆಲ್ಲ ಉಪಾಹಾರ ಗೃಹಗಳ ಇಡ್ಲಿ ಪಾತ್ರೆಗಳಿಂದ ಹಬೆ ಏಳತೊಡಗುತ್ತದೆ. ಒಳಗೆ ಡಿಕಾಕ್ಷನ್ ಇಳಿಯುತ್ತಿರುತ್ತದೆ. ಹೊರಗೆ ಮೇಜು ಒರೆಸುವ ಕೆಲಸ ನಡೆದಿರುತ್ತದೆ. ಕನ್ನಡನಾಡಿನಲ್ಲಿ ಬಹುಕಾಲ ಹೋಟೆಲ್ ವಿದ್ಯೆಯ ಮೊದಲ ತರಗತಿ ಇದೇ ಆಗಿತ್ತು. ಉಡುಪಿ, ಕುಂದಾಪುರಗಳ ಕಡೆಯಿಂದ ಹೊರಟ ಹುಡುಗನು ಊರಿನವರೊಬ್ಬರ ಹೋಟೆಲನ್ನು ಸೇರಿ, ಲೋಟ ತೊಳೆಯುವುದರಿಂದ ತೊಡಗಿ, ಮಾಣಿಯಾಗಿ, ಅಡುಗೆಯವನಾಗಿ, ಅದೃಷ್ಟವಿದ್ದರೆ ಕೊನೆಗೆ ಗಲ್ಲಾದ ಮುಂದೆ ಕುಳಿತುಕೊಳ್ಳುತ್ತಿದ್ದನು.

ಆ ದಾರಿಗೆ ಆಧಾರವಾಗಿದ್ದುದು ಬಂಧುಬಳಗ. ಕೆಲಸ ಕೊಡಿಸುವವರು ಚಿಕ್ಕಪ್ಪ, ಕೈಹಿಡಿದು ಕಲಿಸುವವರು ಊರಿನ ಭಟ್ಟರು. ಹೀಗೆ ಬೆಳೆದ ಮನೆತನಗಳೂ ತಮ್ಮ ಬಳಗದ ಅರಿವೇ ಸಾಕೆಂದು ಸುಮ್ಮನಿರಲಿಲ್ಲ. ಸೋದರರೊಡನೆ 1924ರಲ್ಲಿ ಎಂ.ಟಿ.ಆರ್. ಸಂಸ್ಥೆಗೆ ನಾಂದಿ ಹಾಡಿದ ಪರಂಪಳ್ಳಿ ಯಜ್ಞನಾರಾಯಣ ಮಯ್ಯರು, ಅಲ್ಲಿಯ ಉಪಾಹಾರ ಗೃಹಗಳು ನಡೆಯುವ ಬಗೆಯನ್ನು ಕಣ್ಣಾರೆ ಕಾಣಲೆಂದು 1951ರಲ್ಲಿ ಯೂರೋಪಿಗೆ ಹೋಗಿ ಬಂದರು.

ಇಂದು ಈ ವಿದ್ಯೆ ಕಾಲೇಜಿನ ಪಾಠವಾಗಿದೆ. ಮುಂಬಯಿಯಲ್ಲಿ 1954ರಲ್ಲಿ ಇದಕ್ಕೊಂದು ಶಿಕ್ಷಣಸಂಸ್ಥೆ ಸ್ಥಾಪನೆಯಾಯಿತು. 1982ರಲ್ಲಿ ರಾಷ್ಟ್ರೀಯ ಮಂಡಲಿಯೊಂದು ರೂಪುಗೊಂಡಿತು. ಬೆಂಗಳೂರಿನ ಶೇಷಾದ್ರಿ ರಸ್ತೆಯಲ್ಲಿಯೂ ಮಣಿಪಾಲದಲ್ಲಿಯೂ ಅಂಥ ಸಂಸ್ಥೆಗಳಿವೆ. ಪ್ರವೇಶ ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಗೋವಿಂದರಾಜನಗರದ ದರ್ಜಿಯೊಬ್ಬನ ಮಗಳೂ ಅಲ್ಲಿ ಓದಬಹುದು. ಆದರೆ ಆಕೆಗೆ ಹೋಟೆಲಿನಲ್ಲಿ ಚಿಕ್ಕಪ್ಪನಿಲ್ಲ. ದೊಡ್ಡ ಹೋಟೆಲೊಂದರ ಅಡುಗೆಮನೆಯನ್ನು ಆಕೆಯ ಮನೆಯವರಾರೂ ಕಂಡಿಲ್ಲ. ಬಳಗವಿಲ್ಲದವರಿಗೆ ಬಳಗವಾಗಿ ಒದಗುವುದು ಕಾಲೇಜಿನ ವೃತ್ತಿಪರ ವಿದ್ಯಾರ್ಥಿ ಸಂಘ.

ಸಂಘವು ವರ್ಷಕ್ಕೊಮ್ಮೆ ಆಹಾರ ಮೇಳವನ್ನು ನಡೆಸುತ್ತದೆ ಎಂದಿಟ್ಟುಕೊಳ್ಳೋಣ. ಅರವತ್ತು ಮಂದಿ ಅತಿಥಿಗಳು. ಉಸ್ತುವಾರಿ ಈ ಹುಡುಗಿಯದು. ತಲೆಗೆ 80 ಗ್ರಾಂ ಅಕ್ಕಿಯೆಂದರೆ 4.8 ಕಿಲೋ ಬೇಕು. ಊಟದ ಬೆಲೆಯಲ್ಲಿ ಸಾಮಗ್ರಿಯ ವೆಚ್ಚ ಸುಮಾರು ಮೂರರಲ್ಲೊಂದು ಪಾಲನ್ನು ಮೀರಬಾರದೆಂಬುದು ರೂಢಿಯ ಲೆಕ್ಕ. ಟೊಮೇಟೊ ಬೆಲೆ ಏರಿದ ದಿನ ಆ ಲೆಕ್ಕ ತಲೆಕೆಳಗಾಗುತ್ತದೆ. ಮೇಜುವಸ್ತ್ರಗಳು ಇಸ್ತ್ರಿಯಾಗಿ ಬಂದಿಲ್ಲ. ಬಡಿಸಬೇಕಾದವನೊಬ್ಬನಿಗೆ ಜ್ವರ. ಅರವತ್ತಕ್ಕೆ ಬದಲಾಗಿ ಎಪ್ಪತ್ತು ಮಂದಿ ಬಂದು ಕುಳಿತಿದ್ದಾರೆ. ಪಲ್ಯದ ಪಾತ್ರೆ ಬರಿದಾಗುತ್ತಿರುವುದನ್ನು ಅತಿಥಿಗಳಿಗೆ ತೋರಗೊಡದೆ, ಒಳಗೆ ಇನ್ನೊಂದು ಒಗ್ಗರಣೆ ಬೀಳುವವರೆಗೆ ಪಂಕ್ತಿಯನ್ನು ನಡೆಸಬೇಕು. ತರಗತಿಯಲ್ಲಿ ಸ್ವಾಗತ ವಿಭಾಗ, ಕೊಠಡಿಗಳ ನಿರ್ವಹಣೆ, ಅಡುಗೆ, ಬಡಿಸುವಿಕೆ ಎಂದು ನಾಲ್ಕಾಗಿ ಕಲಿತದ್ದು ಅಂದು ಸಂಜೆ ಒಂದಾಗುತ್ತದೆ. ಅಲ್ಲಿ ತಪ್ಪಿದರೆ ಕೆಲಸ ಹೋಗದು; ಮರುದಿನ ಸಹಪಾಠಿಗಳು ಕುಳಿತು ತಪ್ಪೆಲ್ಲಿ ಎಂದು ಚರ್ಚಿಸುತ್ತಾರೆ. ಸಂಬಳದ ಕೆಲಸದಲ್ಲಿ ಈ ಸೌಲಭ್ಯ ಯಾರಿಗೂ ದೊರೆಯದು.

ಮೇಳಕ್ಕೆ ಹೋಟೆಲೊಂದರ ಮುಖ್ಯ ಬಾಣಸಿಗರನ್ನು ಆಹ್ವಾನಿಸುವುದುಂಟು. ಅವರಿಗೆ ಪತ್ರ ಬರೆದವಳು, ಬಾಗಿಲಲ್ಲಿ ಎದುರುಗೊಂಡವಳು, ಸಾರಿನಲ್ಲಿ ಉಪ್ಪು ಹೆಚ್ಚಾಯಿತೆಂಬ ಅವರ ಮಾತನ್ನು ತಾಳ್ಮೆಯಿಂದ ಕೇಳಿಸಿಕೊಂಡವಳು ಇವಳೇ. ಮುಂದೆ ತರಬೇತಿಗೆಂದು ಅದೇ ಹೋಟೆಲಿಗೆ ಹೋದಾಗ ಆಕೆ ಅಪರಿಚಿತಳಲ್ಲ. ಸಂದರ್ಶನದಲ್ಲಿ ಕಷ್ಟದ ಸನ್ನಿವೇಶವೊಂದನ್ನು ಹೇಳೆಂದರೆ ಆ ಎಪ್ಪತ್ತು ಮಂದಿಯ ಕಥೆಯೇ ಸಾಕು. ಹಿಂದಿನ ವರ್ಷಗಳಲ್ಲಿ ತೇರ್ಗಡೆಯಾಗಿ ಹೋದವರ ಪರಿಚಯವೂ ಸಂಘದಿಂದಲೇ ಆಗುತ್ತದೆ. ಎಲ್ಲಿ ಕಲಿಕೆ ಹೆಚ್ಚು, ಎಲ್ಲಿ ದುಡಿಮೆ ಮಾತ್ರ ಹೆಚ್ಚು ಎಂಬುದನ್ನು ಜಾಹೀರಾತಿಗಿಂತ ಅವರು ಚೆನ್ನಾಗಿ ಬಲ್ಲರು.

ವೃತ್ತಿಯವರು ಹೀಗೆ ಒಂದುಗೂಡುವುದು ಹೊಸತಲ್ಲ. ಬಾಣಸಿಗರ ಸಂಘಗಳ ವಿಶ್ವ ಒಕ್ಕೂಟ 1928ರಲ್ಲಿ ಪ್ಯಾರಿಸಿನಲ್ಲಿ ಹುಟ್ಟಿತು. ಫ್ರಾನ್ಸಿನ ಪ್ರಖ್ಯಾತ ಬಾಣಸಿಗ ಆಗಸ್ಟ್ ಎಸ್ಕಾಫಿಯೆ ಅದರ ಮೊದಲ ಗೌರವಾಧ್ಯಕ್ಷ.

ಹೆಸರು ಬರೆಸಿ ಪ್ರಮಾಣಪತ್ರ ಪಡೆದವರಿಗೆ ಮಾತ್ರ ಇದಾವುದೂ ದಕ್ಕದು. ಹಾರ ಹಿಡಿದು ಛಾಯಾಚಿತ್ರಕ್ಕೆ ನಿಲ್ಲುವ ಪದಾಧಿಕಾರಿಗಳು ಎಲ್ಲ ಸಂಘಗಳಲ್ಲಿಯೂ ಇರುತ್ತಾರೆ. ಅವರಿಗಿಂತ ಪಾತ್ರೆ ಎಣಿಸಿ ಒಳಗಿಟ್ಟವನು ಹೆಚ್ಚು ಕಲಿತಿರುತ್ತಾನೆ. ಮನೆಯವರ ಆತಂಕವೂ ಸಣ್ಣದಲ್ಲ. ಮೇಳ ಮುಗಿಯುವುದು ರಾತ್ರಿ. ವಿಜಯನಗರದ ಮೆಟ್ರೋ ನಿಲ್ದಾಣದಲ್ಲಿ ತಂದೆ ಕಾದು ನಿಲ್ಲಬೇಕು. ‘ಓದಿಸಿದ್ದು ಎಂಜಲು ತಟ್ಟೆ ಎತ್ತಲಿಕ್ಕೇನು?’ ಎಂದು ನೆರೆಯವರು ಕೇಳುವುದೂ ಉಂಟು. ಅಂಥ ತಂದೆಯನ್ನು ಮುಂದಿನ ಮೇಳಕ್ಕೆ ಅತಿಥಿಯಾಗಿ ಕರೆಯುವುದೇ ಸಂಘದ ಜಾಣತನ. ಆತ ಊಟಕ್ಕೆ ಕುಳಿತು, ಇಪ್ಪತ್ತು ಮಂದಿ ಸಹಪಾಠಿಗಳು ತನ್ನ ಮಗಳ ಒಂದು ಸನ್ನೆಗೆ ಏಕಕಾಲದಲ್ಲಿ ಬಡಿಸಲು ಹೊರಡುವುದನ್ನು ನೋಡುತ್ತಾನೆ.