ಕಪ್ಪು-ಬಿಳುಪಿನ ಪುಸ್ತಕ, ಹಂಚಿಹೋದ ಓದುಗರು

ಇರಾನ್ ಮೂಲದ ಮರ್ಜಾನೆ ಸತ್ರಪಿ ಅವರ ‘ಪರ್ಸೆಪೊಲಿಸ್’ ಎಂಬ ಚಿತ್ರಕಾದಂಬರಿಯನ್ನು ಮೆಚ್ಚಿದವರ ಪಟ್ಟಿ ದೊಡ್ಡದು. ಅದನ್ನು ಆಕ್ಷೇಪಿಸಿದವರ ಪಟ್ಟಿ ಮಾತ್ರ ವಿಚಿತ್ರವಾದುದು. ಟೆಹರಾನಿನ ಅಧಿಕಾರಸ್ಥರು, ಟ್ಯುನೀಸಿಯಾದ ಸಂಪ್ರದಾಯವಾದಿಗಳು, ಅಮೆರಿಕದ ಶಿಕಾಗೋ ನಗರದ ಶಾಲಾ ಆಡಳಿತ - ಬೇರಾವ ವಿಷಯದಲ್ಲೂ ಒಂದೇ ಸಾಲಿನಲ್ಲಿ ನಿಲ್ಲಲು ಒಪ್ಪದ ಇವರೆಲ್ಲ ಈ ಒಂದು ಕೃತಿಯ ಮುಂದೆ ಒಟ್ಟಾಗಿ ಹುಬ್ಬು ಗಂಟಿಕ್ಕಿದ್ದಾರೆ. ಮೆಚ್ಚಿದವರಲ್ಲಾದರೂ ಒಮ್ಮತವಿದೆಯೇ ಎಂದರೆ ಅದೂ ಇಲ್ಲ. ಒಬ್ಬರು ಯಾವ ಕಾರಣಕ್ಕೆ ಹೊಗಳುತ್ತಾರೋ ಅದೇ ಕಾರಣಕ್ಕೆ ಇನ್ನೊಬ್ಬರು ಮುಖ ಸಿಂಡರಿಸುತ್ತಾರೆ.

ಪುಸ್ತಕ ಫ್ರೆಂಚ್ ಭಾಷೆಯಲ್ಲಿ 2000 ಮತ್ತು 2003ರ ನಡುವೆ ನಾಲ್ಕು ಸಂಪುಟಗಳಾಗಿ ಪ್ರಕಟವಾಯಿತು. ಇಂಗ್ಲಿಷಿನಲ್ಲಿ ಎರಡು ಭಾಗಗಳಾಗಿ, 2003 ಮತ್ತು 2004ರಲ್ಲಿ ಬಂತು. 1979ರ ಕ್ರಾಂತಿಯ ಕಾಲಕ್ಕೆ ಹತ್ತರ ಆಸುಪಾಸಿನಲ್ಲಿದ್ದ ಬಾಲಕಿಯೊಬ್ಬಳ ಕಣ್ಣಿನಲ್ಲಿ ಷಾನ ಪತನ, ಹೊಸ ಆಡಳಿತದ ಕಟ್ಟಳೆಗಳು, ಇರಾಕಿನೊಡನೆ ಎಂಟು ವರ್ಷ ನಡೆದ ಯುದ್ಧ ಇವೆಲ್ಲ ಇಲ್ಲಿ ಚಿತ್ರಗಳಾಗಿ ಮೂಡಿವೆ. ಬಣ್ಣವೆಂಬುದು ಎಲ್ಲಿಯೂ ಇಲ್ಲ. ಮರದಚ್ಚಿನಲ್ಲಿ ಒತ್ತಿದಂತಹ ದಟ್ಟ ಕಪ್ಪು, ಅದರ ಪಕ್ಕದಲ್ಲಿ ಖಾಲಿ ಬಿಳುಪು. ಬೂದು ಬಣ್ಣದ ಛಾಯೆ ಕೂಡ ಇಲ್ಲ. ಪ್ರಕಟಿಸಿದ್ದು ಕಲಾವಿದರೇ ಕೂಡಿ ನಡೆಸುತ್ತಿದ್ದ ಸಣ್ಣ ಸಂಸ್ಥೆಯಾದ್ದರಿಂದ, ಒಂದೇ ಶಾಯಿಯಲ್ಲಿ ಮುದ್ರಿಸಿದರೆ ಖರ್ಚು ಕಡಿಮೆ ಎಂಬ ಲೆಕ್ಕಾಚಾರವನ್ನೂ ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನಾನು ಮರೆಯಲಾರೆ.

ಈ ಪುಸ್ತಕದ ಚರ್ಚೆಯನ್ನು ಉಡುಪಿ ಜಿಲ್ಲೆಗೆ ತರಲು ಕಾರಣವಿದೆ. ಅದರ ಮೊದಲ ಅಧ್ಯಾಯದ ವಿಷಯವೇ ಶಿರವಸ್ತ್ರ. 1980ರಲ್ಲಿ ಶಾಲೆಯ ಹುಡುಗಿಯರಿಗೆಲ್ಲ ಅದು ಕಡ್ಡಾಯವಾದಾಗ ಪುಟ್ಟ ಮಕ್ಕಳು ಶಾಲೆಯ ಅಂಗಳದಲ್ಲಿ ಆ ಬಟ್ಟೆಯನ್ನು ಹಗ್ಗ ಮಾಡಿಕೊಂಡು ಜಿಗಿಯುತ್ತವೆ, ಕುದುರೆಯಾಟ ಆಡುತ್ತವೆ. ನಮ್ಮಲ್ಲಿ 2021ರ ಡಿಸೆಂಬರಿನಲ್ಲಿ ಉಡುಪಿಯ ಸರ್ಕಾರಿ ಬಾಲಕಿಯರ ಪದವಿಪೂರ್ವ ಕಾಲೇಜಿನಲ್ಲಿ ಆರಂಭವಾದ ವಿವಾದ 2022ರ ಫೆಬ್ರವರಿ 5ರ ಸರ್ಕಾರಿ ಆದೇಶ, ಮಾರ್ಚ್ 15ರ ಹೈಕೋರ್ಟ್ ತೀರ್ಪು, ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಭಿನ್ನ ತೀರ್ಪು ಎಂದು ಸಾಗಿದ್ದನ್ನು ಓದುಗರು ಬಲ್ಲರು. ಆ ತೀರ್ಪಿಗೆ ಒಂದು ತಿಂಗಳು ಮುಂಚೆ, ಸೆಪ್ಟೆಂಬರಿನಲ್ಲಿ, ಟೆಹರಾನಿನಲ್ಲಿ ಪೊಲೀಸರ ವಶದಲ್ಲಿದ್ದ ಮಹ್ಸಾ ಅಮೀನಿ ಎಂಬ ತರುಣಿ ತೀರಿಕೊಂಡಳು. ಇರಾನಿನ ಹೆಂಗಸರು ಬೀದಿಗಿಳಿದರು. ನಮ್ಮ ಸುಪ್ರೀಂ ಕೋರ್ಟಿನ ವಾದ ಮಂಡನೆಯಲ್ಲಿಯೂ ಇರಾನಿನ ಹೆಸರು ಕೇಳಿಬಂತು. ಇಪ್ಪತ್ತು ವರ್ಷಗಳಿಂದ ಕಪಾಟಿನಲ್ಲಿದ್ದ ಸತ್ರಪಿಯ ಪುಸ್ತಕಕ್ಕೆ ಹೊಸ ಓದುಗರು ಹುಟ್ಟಿಕೊಂಡದ್ದು ಹೀಗೆ.

ನನ್ನಲ್ಲಿದ್ದ ಮೊದಲ ಭಾಗ ಶಂಕರಪುರದಿಂದ ಹೊರಟು ಕಾಪು, ಮಣಿಪಾಲ, ಕಾರ್ಕಳಗಳನ್ನು ಸುತ್ತಿ ಬಂದಿದೆ. ಓದಿದವರು ಆಡಿದ ಮಾತುಗಳನ್ನು ನೆನಪಿನಲ್ಲಿಟ್ಟುಕೊಂಡಿದ್ದೇನೆ.

ಕಾಪುವಿನ ನಿವೃತ್ತ ಉಪನ್ಯಾಸಕರೊಬ್ಬರು ಎರಡೇ ದಿನದಲ್ಲಿ ಮುಗಿಸಿ, ‘ನೋಡಿ ಮಾರಾಯ್ರೇ, ನಾವು ಹೇಳಿದರೆ ದ್ವೇಷ ಎನ್ನುತ್ತಾರೆ. ಆ ದೇಶದ ಹೆಣ್ಣುಮಗಳೇ ಹೇಳಿದ್ದಾಳಲ್ಲ, ಇನ್ನೇನು ಬೇಕು’ ಎಂದರು. ಶಿರವಸ್ತ್ರದ ಅಧ್ಯಾಯದ ನೆರಳಚ್ಚು ತೆಗೆಸಿ ಗೆಳೆಯರಿಗೆ ಹಂಚಿದರು ಕೂಡ. ಮಣಿಪಾಲದಲ್ಲಿ ಸ್ನಾತಕೋತ್ತರ ಓದುತ್ತಿದ್ದ, ಸ್ವತಃ ಶಿರವಸ್ತ್ರ ಧರಿಸುವ ಹುಡುಗಿಯೊಬ್ಬಳು ಪುಸ್ತಕ ಹಿಂದಿರುಗಿಸುವಾಗ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, ‘ಸರ್, ಆಕೆಗೆ ಹೊದಿಸಿದರು, ನಮಗೆ ತೆಗೆಯಲು ಹೇಳಿದರು. ಆಕೆಯ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಈ ಪುಸ್ತಕವನ್ನು ನನ್ನ ಮುಂದೆ ಹಿಡಿಯುವವರಿಗೆ ನನ್ನ ಸಿಟ್ಟು ಅರ್ಥವಾಗುವುದಿಲ್ಲ’ ಎಂದಳು. ಕಾರ್ಕಳದ ಎಡಪಂಥೀಯ ಗೆಳೆಯರಿಗೆ ಇವರಿಬ್ಬರ ತಕರಾರಿನಲ್ಲಿ ಆಸಕ್ತಿಯಿರಲಿಲ್ಲ. ಕ್ಯಾಡಿಲಾಕ್ ಕಾರಿನಲ್ಲಿ ಓಡಾಡುವ, ಮನೆಗೆಲಸದವಳನ್ನು ಇಟ್ಟುಕೊಂಡ, ರಾಜವಂಶದ ನೆಂಟಸ್ತಿಕೆಯುಳ್ಳ ಕುಟುಂಬದ ಅಳಲನ್ನು ಪಾಶ್ಚಾತ್ಯರು ಇಡೀ ಇರಾನಿನ ಅಳಲೆಂದು ಕೊಂಡುಕೊಂಡಿದ್ದಾರೆ ಎಂಬುದು ಅವರ ತೀರ್ಮಾನ.

ಈ ಕೊನೆಯ ಆಕ್ಷೇಪದಲ್ಲಿ ಹುರುಳಿದೆ, ವಿದೇಶಗಳಲ್ಲೂ ಕೆಲವು ವಿಮರ್ಶಕರು ಇದನ್ನೇ ಎತ್ತಿದ್ದಾರೆ. ಆದರೆ ಕ್ಯಾಡಿಲಾಕಿನಲ್ಲಿ ಕೂರಲು ನಾಚುತ್ತಿದ್ದೆ ಎಂದು ಬರೆದವಳೂ ಸತ್ರಪಿಯೇ. ಮನೆಗೆಲಸದ ಹುಡುಗಿ ಪಕ್ಕದ ಮನೆಯ ಹುಡುಗನನ್ನು ಪ್ರೀತಿಸಿದಾಗ, ಕ್ರಾಂತಿಯ ಮಾತಾಡುವ ತಂದೆಯೇ ಅಂತಸ್ತಿನ ಗೆರೆ ದಾಟಬಾರದೆಂದು ಆ ಪ್ರೇಮವನ್ನು ಮುರಿಯುವ ಪ್ರಸಂಗವನ್ನು ಆಕೆ ಮುಚ್ಚಿಟ್ಟಿಲ್ಲ. ಶ್ರೀಮಂತರ ಮನೆಯ ಕಥೆ ಎನ್ನುವವರಿಗೆ ಆಧಾರ ಒದಗಿಸಿದ್ದೇ ಆ ಕಥೆ. ಯುದ್ಧಕ್ಕೆ ಹೊರಟ ಬಡವರ ಮಕ್ಕಳ ಕೈಗೆ ಸ್ವರ್ಗದ ಬೀಗದಕೈ ಎಂದು ಚಿನ್ನದ ಬಣ್ಣ ಬಳಿದ ಪ್ಲಾಸ್ಟಿಕ್ ಕೀಲಿ ಕೊಡುವ ಪುಟ ನೋಡಿದ ಮೇಲೆ ವರ್ಗದ ಅರಿವಿಲ್ಲದ ಲೇಖಕಿ ಎಂದು ನಾನಂತೂ ಹೇಳಲಾರೆ.

ನಾಲ್ಕನೆಯ ಓದುಗರು ನನ್ನ ಅತ್ತಿಗೆ. ಇಂಗ್ಲಿಷ್ ಅಷ್ಟಾಗಿ ಓದಲಾರರು, ಚಿತ್ರಗಳನ್ನಷ್ಟೇ ತಿರುವಿದರು. ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟುತ್ತಾ ಕುಳಿತಿದ್ದವರಿಗೆ ಅದರಲ್ಲಿ ಕಂಡದ್ದು ಆ ಹುಡುಗಿಯ ಅಜ್ಜಿ. ದಿನವೂ ಬೆಳಿಗ್ಗೆ ಮಲ್ಲಿಗೆ ಬಿಡಿಸಿ ಎದೆಯ ಬಟ್ಟೆಯೊಳಗೆ ಸೇರಿಸಿಕೊಳ್ಳುವುದು, ರಾತ್ರಿ ಬಟ್ಟೆ ಬದಲಿಸುವಾಗ ಹೂವೆಲ್ಲ ಉದುರುವುದು ಆ ಮುದುಕಿಯ ರೂಢಿ. ‘ಅಲ್ಲಿಯೂ ಮಲ್ಲಿಗೆ ಉಂಟಾ?’ ಎಂದು ಕೇಳಿದರು. ಅಟ್ಟೆಯ ಲೆಕ್ಕದಲ್ಲಿ ಮಲ್ಲಿಗೆ ಮಾರುವ, ಹಿಂದೂ-ಕ್ರೈಸ್ತರೆನ್ನದೆ ಹಿತ್ತಿಲಲ್ಲಿ ಗಿಡ ನೆಟ್ಟ ನಮ್ಮೂರಿನವರಿಗೆ ಇದು ಸಣ್ಣ ಸಂಗತಿಯಲ್ಲ. ಅವರ ಓದನ್ನು ನಾನು ಉಳಿದ ಮೂವರದಕ್ಕಿಂತ ಕೀಳೆಂದು ಎಣಿಸುವುದಿಲ್ಲ.

ಚಿತ್ರಕಥೆ ಎಂದರೆ ಮಕ್ಕಳ ಸರಕು ಎಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಇದಕ್ಕೆ ಒಂದು ಮಟ್ಟಿಗೆ ಕಾರಣರಾದವರೂ ನಮ್ಮ ಕಾರ್ಕಳದಲ್ಲಿ ಜನಿಸಿದವರೇ. ಅನಂತ ಪೈ 1967ರಲ್ಲಿ ಆರಂಭಿಸಿದ ‘ಅಮರ ಚಿತ್ರಕಥೆ’ ಎರಡು ತಲೆಮಾರುಗಳಿಗೆ ಪುರಾಣ, ಇತಿಹಾಸಗಳನ್ನು ಉಣಿಸಿತು. ಅಲ್ಲಿ ಚಿತ್ರವನ್ನು ನಂಬುವುದನ್ನು ಕಲಿತೆವು, ಪ್ರಶ್ನಿಸುವುದನ್ನು ಕಲಿತದ್ದು ಕಡಿಮೆ. ಮಾತಿನಲ್ಲಿ ಬರೆದ ಕಾದಂಬರಿಯಲ್ಲಿ ಆಕ್ಷೇಪಾರ್ಹ ಭಾಗವನ್ನು ಹುಡುಕಲಾದರೂ ಓದಬೇಕು. ಚಿತ್ರಕ್ಕೆ ಆ ರಕ್ಷಣೆಯಿಲ್ಲ. ಒಂದು ಚೌಕವನ್ನು ಕತ್ತರಿಸಿ ತೆಗೆದರೆ ಸಾಕು, ದೂರದಿಂದಲೇ ನೋಡಿ ರೊಚ್ಚಿಗೇಳಬಹುದು, ಅಥವಾ ಚಪ್ಪಾಳೆ ತಟ್ಟಬಹುದು.

ಆಡಳಿತದಲ್ಲಿದ್ದಷ್ಟು ಕಾಲ ಇದನ್ನು ಕಂಡಿದ್ದೇನೆ. ಪುಸ್ತಕವೊಂದರ ಮೇಲೆ ಬರುವ ದೂರಿನೊಡನೆ ಪುಸ್ತಕ ಬರುವುದು ಅಪರೂಪ. ಬರುವುದು ಕೆಂಪು ಗೆರೆ ಎಳೆದ ಎರಡು ನೆರಳಚ್ಚು ಪುಟ. ಕಡತ ಮೇಜಿನಿಂದ ಮೇಜಿಗೆ ಏರುತ್ತಾ ಹೋದಂತೆ ಟಿಪ್ಪಣಿಗಳು ಬೆಳೆಯುತ್ತವೆ, ಆ ಎರಡು ಪುಟಗಳು ಎರಡಾಗಿಯೇ ಉಳಿಯುತ್ತವೆ. ‘ತಮಸ್’ ಧಾರಾವಾಹಿಯ ಪ್ರಸಾರವನ್ನು ತಡೆಯಬೇಕೆಂಬ ಅರ್ಜಿ 1988ರಲ್ಲಿ ಬಂದಾಗ ಬಾಂಬೆ ಹೈಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಇಡೀ ಧಾರಾವಾಹಿಯನ್ನು ಕುಳಿತು ನೋಡಿ, ಆಮೇಲೆ ಅನುಮತಿ ಕೊಟ್ಟರು. ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅವರ ತೀರ್ಪಿಗಿಂತ ಅವರ ತಾಳ್ಮೆಯೇ ನನಗೆ ದೊಡ್ಡದಾಗಿ ಕಂಡಿತ್ತು.

‘ಪರ್ಸೆಪೊಲಿಸ್’ಗೆ ಆ ಭಾಗ್ಯ ಸಿಕ್ಕಿದ್ದು ಕಡಿಮೆ. ಅದನ್ನಾಧರಿಸಿ ಸತ್ರಪಿ ಮತ್ತು ವಿನ್ಸೆಂಟ್ ಪರೊನೊ ನಿರ್ದೇಶಿಸಿದ, ಬಹುಪಾಲು ಕಪ್ಪು-ಬಿಳುಪಿನದೇ ಆದ ಅನಿಮೇಷನ್ ಚಿತ್ರ 2007ರಲ್ಲಿ ಕಾನ್ ಉತ್ಸವದಲ್ಲಿ ಜ್ಯೂರಿ ಪ್ರಶಸ್ತಿ ಹಂಚಿಕೊಂಡಿತು. ಇರಾನಿನ ಸರ್ಕಾರಿ ಬೆಂಬಲದ ಚಲನಚಿತ್ರ ಸಂಸ್ಥೆ ಫ್ರೆಂಚ್ ರಾಯಭಾರ ಕಚೇರಿಗೆ ಪ್ರತಿಭಟನೆಯ ಪತ್ರ ಬರೆಯಿತು, ಬ್ಯಾಂಕಾಕ್ ಉತ್ಸವ ಚಿತ್ರವನ್ನು ಕೈಬಿಟ್ಟಿತು. 2011ರ ಅಕ್ಟೋಬರಿನಲ್ಲಿ ಟ್ಯುನೀಸಿಯಾದ ವಾಹಿನಿಯೊಂದು ಅದನ್ನು ಸ್ಥಳೀಯ ಆಡುಮಾತಿಗೆ ಡಬ್ ಮಾಡಿ ಪ್ರಸಾರ ಮಾಡಿದಾಗ ದೇವರನ್ನು ಗಡ್ಡದ ಮುದುಕನಂತೆ ತೋರಿಸಿದ್ದಕ್ಕೆ ಗಲಭೆಯೆದ್ದಿತು. ವಾಹಿನಿಯ ಮುಖ್ಯಸ್ಥರ ಮನೆಯ ಮೇಲೆ ದಾಳಿ ನಡೆಯಿತು. ಮರುವರ್ಷ ನ್ಯಾಯಾಲಯ ಅವರಿಗೆ 2,400 ದಿನಾರ್ ದಂಡ ವಿಧಿಸಿತು. ಅಸಲಿಗೆ ಆ ದೇವರು ಒಬ್ಬ ಮಗುವಿನ ಕಲ್ಪನೆಯ ದೇವರು. ಮಲಗುವ ಮುನ್ನ ಆಕೆಯೊಡನೆ ಹರಟುವ, ಕಾರ್ಲ್ ಮಾರ್ಕ್ಸನನ್ನು ಹೋಲುವ ಅಜ್ಜ. ಹಾಸ್ಯ ಮಾರ್ಕ್ಸನ ಮೇಲೋ, ದೇವರ ಮೇಲೋ, ಮಗುವಿನ ಮೇಲೋ ಎಂದು ಕೇಳುವಷ್ಟು ವ್ಯವಧಾನ ಯಾರಿಗಿತ್ತು!

ಶಿಕಾಗೋದ ಪ್ರಕರಣದಲ್ಲಿ ಧರ್ಮದ ಪ್ರಶ್ನೆ ಬರಲಿಲ್ಲ. 2013ರ ಮಾರ್ಚ್‌ನಲ್ಲಿ ಅಲ್ಲಿನ ಸಾರ್ವಜನಿಕ ಶಾಲೆಗಳ ತರಗತಿಗಳಿಂದ ಪುಸ್ತಕವನ್ನು ತೆಗೆಯಲು ಸೂಚನೆ ಹೊರಟಿತು. ಏಳನೆಯ ತರಗತಿಯ ಮಕ್ಕಳಿಗೆ ಇದರ ಭಾಷೆ, ಚಿತ್ರಹಿಂಸೆಯ ಚಿತ್ರಗಳು ತಕ್ಕುದಲ್ಲ ಎಂಬ ವಿವರಣೆ ಆಮೇಲೆ ಬಂತು. ವಿದ್ಯಾರ್ಥಿಗಳು ಬೀದಿಯಲ್ಲಿ ನಿಂತು ಪ್ರತಿಭಟಿಸಿದರು. ಉಡುಪಿಯ ಗದ್ದಲ ಆರಂಭವಾದ ಚಳಿಗಾಲದಲ್ಲೇ, 2022ರ ಜನವರಿಯಲ್ಲಿ, ಅಮೆರಿಕದ ಟೆನೆಸಿ ರಾಜ್ಯದ ಒಂದು ಶಾಲಾ ಮಂಡಳಿ ಯೆಹೂದಿಗಳ ಹತ್ಯಾಕಾಂಡವನ್ನು ಕುರಿತ ಆರ್ಟ್ ಸ್ಪೀಗಲ್‌ಮನ್ ಅವರ ಕಪ್ಪು-ಬಿಳುಪಿನ ‘ಮೌಸ್’ ಕೃತಿಯನ್ನು ಪಠ್ಯದಿಂದ ಕೈಬಿಟ್ಟಿತು. ಅಲ್ಲಿಯೂ ಕಾರಣ ಕೆಲವು ಬೈಗುಳ ಮತ್ತು ಒಂದು ಪುಟ್ಟ ನಗ್ನ ಚಿತ್ರ.

ನಮ್ಮಲ್ಲಿಯೂ ಓದುಗರು ಹೀಗೆ ಎರಡು ಪಾಲಾದ ನೆನಪು ಹಳೆಯದಲ್ಲ. 2007ರಲ್ಲಿ ಎಸ್.ಎಲ್. ಭೈರಪ್ಪನವರ ‘ಆವರಣ’ ಬಂದಾಗ ಮನೆಮನೆಯ ಊಟದ ಮೇಜಿನಲ್ಲೂ ಪಕ್ಷ-ಪ್ರತಿಪಕ್ಷಗಳಾಗಿದ್ದವು. ಅದು ಚಿತ್ರಕಾದಂಬರಿಯಲ್ಲ, ಆಶಯವೂ ಬೇರೆ. ಆದರೆ ಓದುವ ಮೊದಲೇ ನಿಲುವು ಸಿದ್ಧವಾಗಿರುವ ಓದಿನ ರೀತಿ ಅದೇ. ‘ಆವರಣ’ವನ್ನು ಮೆಚ್ಚಿದ ಅದೇ ಉತ್ಸಾಹದಿಂದ ‘ಪರ್ಸೆಪೊಲಿಸ್’ಅನ್ನು ಮೆಚ್ಚಿದ ಒಂದಿಬ್ಬರನ್ನು, ಅದನ್ನು ತೆಗಳಿದ ಅದೇ ಉತ್ಸಾಹದಿಂದ ಇದನ್ನು ಶಂಕಿಸಿದ ಒಂದಿಬ್ಬರನ್ನು ನಾನು ಬಲ್ಲೆ.

ಸತ್ರಪಿಯ ನಿಲುವೇನು ಎಂಬುದನ್ನು ಊಹಿಸಬೇಕಾಗಿಲ್ಲ. ಫ್ರಾನ್ಸಿನ ಸರ್ಕಾರಿ ಶಾಲೆಗಳಲ್ಲಿ ಶಿರವಸ್ತ್ರವೂ ಸೇರಿದಂತೆ ಎದ್ದು ಕಾಣುವ ಧಾರ್ಮಿಕ ಚಿಹ್ನೆಗಳನ್ನು ನಿಷೇಧಿಸುವ ಕಾನೂನು 2004ರಲ್ಲಿ ಬಂತು. ಅದರ ಚರ್ಚೆ ಕಾವೇರಿದ್ದ 2003ರ ಡಿಸೆಂಬರಿನಲ್ಲಿ ಆಕೆ ಲಂಡನ್ನಿನ ‘ಗಾರ್ಡಿಯನ್’ ಪತ್ರಿಕೆಯಲ್ಲಿ ಲೇಖನ ಬರೆದು ನಿಷೇಧವನ್ನು ವಿರೋಧಿಸಿದರು. ತಲೆ ಮುಚ್ಚಬೇಕೆಂಬ ಒತ್ತಾಯದಲ್ಲಿ ಬೆಳೆದ ಆಕೆಗೆ ಶಿರವಸ್ತ್ರದ ಮೇಲೆ ಒಲವಿರಲಿಲ್ಲ. ಮುಚ್ಚಿಸುವುದು ಎಷ್ಟು ತಪ್ಪೋ ಬಿಚ್ಚಿಸುವುದೂ ಅಷ್ಟೇ ತಪ್ಪು ಎಂಬುದು ಆ ಲೇಖನದ ಸಾರ. ಇರಾನಿನ ಇತಿಹಾಸವೂ ಆಕೆಯ ಪರವಾಗಿದೆ. ಅಲ್ಲಿ 1936ರಲ್ಲಿ ರೇಜಾ ಷಾನ ಪೊಲೀಸರು ಹೆಂಗಸರ ಪರದೆಯನ್ನು ಬೀದಿಯಲ್ಲಿ ಎಳೆದು ತೆಗೆದಿದ್ದರು. ಎಷ್ಟೋ ಹೆಂಗಸರು ಮನೆಯಿಂದ ಹೊರಬರುವುದನ್ನೇ ಬಿಟ್ಟರು. ಐವತ್ತು ವರ್ಷ ಕಳೆಯುವ ಮುನ್ನ ಇನ್ನೊಂದು ಪೊಲೀಸು ಬಂದು ಅದನ್ನೇ ಹೊದಿಸಿತು. ಎರಡೂ ಸಲ ಹೆಂಗಸರನ್ನು ಕೇಳಿದವರಿಲ್ಲ.

ಕಾಪುವಿನ ಉಪನ್ಯಾಸಕರಿಗೆ ಆ ಲೇಖನದ ವಿಷಯ ತಿಳಿಸಿದೆ. ‘ಹಾಗಾದರೆ ಆಕೆ ಗೊಂದಲದಲ್ಲಿದ್ದಾಳೆ’ ಎಂದರು. ಗೊಂದಲ ನನಗೆ ಕಾಣುತ್ತಿಲ್ಲ. ಸಮವಸ್ತ್ರಕ್ಕೂ ದೇಶದ ಎಲ್ಲ ಹೆಂಗಸರ ಮೇಲಿನ ಕಟ್ಟಳೆಗೂ ವ್ಯತ್ಯಾಸವಿದೆ, ಶಾಲೆಗೆ ತನ್ನದೇ ಶಿಸ್ತು ಬೇಕು ಎಂಬ ಅವರ ವಾದವನ್ನು ತೂಗಿ ನೋಡಬೇಕು, ಅದಕ್ಕೆ ಕಾನೂನಿನ ಬಲವೂ ಇದ್ದೀತು. ಆದರೆ ಆ ವಾದಕ್ಕೆ ಸತ್ರಪಿಯನ್ನು ಸಾಕ್ಷಿಗೆ ಕರೆಯಲು ಬರುವುದಿಲ್ಲ. ಕರೆದರೆ ಪಾಟೀ ಸವಾಲಿನಲ್ಲಿ ಆಕೆ ಎದುರು ಪಕ್ಷಕ್ಕೆ ಹೋಗುತ್ತಾರೆ. ಹಾಗೆಂದು ಎದುರು ಪಕ್ಷದವರೂ ಆಕೆಯನ್ನು ನೆಚ್ಚುವಂತಿಲ್ಲ. ಧರ್ಮದ ಹೆಸರಿನಲ್ಲಿ ಮನೆಯವರು, ನೆರೆಯವರು ಹೇರುವ ಒತ್ತಡವನ್ನು ಆಯ್ಕೆಯೆಂದು ಕರೆಯಲು ಆಕೆಯ ಪುಸ್ತಕ ಬಿಡುವುದಿಲ್ಲ.

ಎರಡನೆಯ ಭಾಗವನ್ನು ಓದಿದವರು ನಮ್ಮಲ್ಲಿ ಕಡಿಮೆ. ವಾದಕ್ಕೆ ಬೇಕಾದದ್ದು ಮೊದಲ ಭಾಗದಲ್ಲೇ ಸಿಗುವುದರಿಂದ ಇರಬಹುದು. ಯುದ್ಧದ ನಡುವೆ ತಂದೆತಾಯಿ ಹದಿನಾಲ್ಕರ ಹುಡುಗಿಯನ್ನು ವಿಯೆನ್ನಾಕ್ಕೆ ಕಳುಹಿಸುತ್ತಾರೆ. ಅಲ್ಲಿ ಕ್ರೈಸ್ತ ಸನ್ಯಾಸಿನಿಯರ ವಸತಿಗೃಹದಲ್ಲಿ ಪಾತ್ರೆಯಿಂದಲೇ ಉಣ್ಣುತ್ತಿದ್ದಳೆಂದು ಗದರಿ, ಇರಾನಿನವರಿಗೆ ಸಂಸ್ಕಾರವಿಲ್ಲವೆಂಬ ಮಾತು ಬರುತ್ತದೆ. ಆಕೆ ತಿರುಗಿ ಬಿರುನುಡಿಯಾಡಿ ಹೊರದಬ್ಬಿಸಿಕೊಳ್ಳುತ್ತಾಳೆ. ಮುಂದೆ ಟೆಹರಾನಿಗೆ ಮರಳಿ ಕಲಾ ವಿದ್ಯಾಲಯ ಸೇರಲು ಧರ್ಮಶ್ರದ್ಧೆಯ ಪರೀಕ್ಷೆಗೆ ಕೂರಬೇಕಾಗುತ್ತದೆ. ಅರಬ್ಬಿಯಲ್ಲಿ ಪ್ರಾರ್ಥನೆ ಬಾರದು, ದೇವರೊಡನೆ ಪರ್ಷಿಯನ್ನಿನಲ್ಲೇ ಮಾತಾಡುತ್ತೇನೆ ಎಂದು ಉತ್ತರಿಸುತ್ತಾಳೆ. ಎದುರು ಕೂತ ಮೌಲ್ವಿ ಆ ಪ್ರಾಮಾಣಿಕತೆಗಾಗಿ ತೇರ್ಗಡೆ ಮಾಡುತ್ತಾನೆ. ಆಮೇಲೊಮ್ಮೆ ವಿದ್ಯಾರ್ಥಿನಿಯರ ಉಡುಪು ಇನ್ನಷ್ಟು ಉದ್ದವಿರಬೇಕೆಂಬ ಉಪದೇಶದ ಸಭೆಯಲ್ಲಿ ಆಕೆ ಎದ್ದು ನಿಂತು, ಈ ಬಟ್ಟೆಯಲ್ಲಿ ಚಿತ್ರ ಬರೆಯುವುದು ಹೇಗೆ, ಹುಡುಗರಿಗೆ ಏಕೆ ನಿಯಮವಿಲ್ಲ ಎಂದು ಕೇಳುತ್ತಾಳೆ. ಕರೆ ಬರುತ್ತದೆ. ಶಿಕ್ಷೆಯೆಂದು ನಡುಗುತ್ತಾ ಹೋದರೆ ಕುಳಿತಿದ್ದವನು ಅದೇ ಮೌಲ್ವಿ. ಹಾಗಾದರೆ ಕೆಲಸಕ್ಕೆ ಅನುಕೂಲವಾಗುವ ಸಮವಸ್ತ್ರವನ್ನು ನೀನೇ ರಚಿಸಿ ಕೊಡು ಎನ್ನುತ್ತಾನೆ. ಆಕೆ ರಚಿಸಿ ಕೊಡುತ್ತಾಳೆ. ಹೊಸ ಉಡುಪಿನಲ್ಲಿ ಸಡಿಲವಾದದ್ದು ಒಂದೆರಡು ಅಂಗುಲ ಮಾತ್ರ. ಸರ್ಕಾರಿ ನೌಕರಿ ಮಾಡಿದವರಿಗೆ ಆ ಒಂದೆರಡು ಅಂಗುಲದ ಬೆಲೆ ಗೊತ್ತು.

ಈ ಭಾಗವನ್ನು ಈಗ ಮಣಿಪಾಲದ ಹುಡುಗಿ ಒಯ್ದಿದ್ದಾಳೆ. ಆಕೆಯ ನಂತರ ತಮಗೆ ಕೊಡಬೇಕೆಂದು ಉಪನ್ಯಾಸಕರು ಫೋನ್ ಮಾಡಿ ಹೇಳಿದ್ದಾರೆ.