ವಾಹನರಹಿತ ಸೈಕಲ್ ಹಾದಿ: ಕೈಬಿಟ್ಟ ರೈಲುಮಾರ್ಗವೊಂದು ಊರುಗಳಿಗೆ ಆಸ್ತಿಯಾದ ಬಗೆ

ಗ್ರಾಮ ಪಂಚಾಯಿತಿಯ ಸ್ವತ್ತು ಎಂದೊಡನೆ ಕಟ್ಟಡ, ನಿವೇಶನ, ಕುಡಿಯುವ ನೀರಿನ ಟ್ಯಾಂಕು, ಬೀದಿದೀಪಗಳು ನೆನಪಿಗೆ ಬರುತ್ತವೆ. ಬಳಕೆ ತಪ್ಪಿದ ದಾರಿಯೂ ಒಂದು ಸ್ವತ್ತೆಂಬುದು ಸಾಮಾನ್ಯವಾಗಿ ಯಾರ ಗಮನಕ್ಕೂ ಬರುವುದಿಲ್ಲ. ಅಮೆರಿಕ ಸಂಯುಕ್ತ ಸಂಸ್ಥಾನದ ಪೆನ್ಸಿಲ್ವೇನಿಯಾ ಮತ್ತು ಮೇರಿಲ್ಯಾಂಡ್ ರಾಜ್ಯಗಳಲ್ಲಿ ರೈಲ್ವೆ ಕಂಪನಿಗಳು ಕೈಬಿಟ್ಟ ಮಾರ್ಗವೊಂದನ್ನು ಸ್ಥಳೀಯರು ತುಂಡು ತುಂಡಾಗಿ ಉಳಿಸಿಕೊಂಡು, 240 ಕಿ.ಮೀ. ಉದ್ದದ ಸೈಕಲ್ ಹಾದಿಯನ್ನಾಗಿ ರೂಪಿಸಿದ್ದಾರೆ. ಗ್ರೇಟ್ ಅಲೆಗೇನಿ ಪ್ಯಾಸೇಜ್ ಎಂಬ ಈ ಹಾದಿಯ ರಚನೆ, ನಿರ್ವಹಣೆ ಮತ್ತು ಅದರಿಂದ ಊರುಗಳಿಗೆ ಆದ ಪ್ರಯೋಜನವನ್ನು ಮಾನ್ಯ ಸದಸ್ಯರ ಮಾಹಿತಿಗಾಗಿ ಇಲ್ಲಿ ವಿವರಿಸಲಾಗಿದೆ.

ಹಾದಿಯ ಹಿನ್ನೆಲೆ

ಪಿಟ್ಸ್‌ಬರ್ಗ್ ನಗರದ ಸುತ್ತಲಿನ ಪ್ರದೇಶವು ಒಂದು ಕಾಲದಲ್ಲಿ ಅಮೆರಿಕದ ಉಕ್ಕಿನ ಉತ್ಪಾದನೆಯ ಕೇಂದ್ರವಾಗಿತ್ತು. ಕನೆಲ್ಸ್‌ವಿಲ್ ಪಟ್ಟಣದ ಆಸುಪಾಸಿನ ಕಲ್ಲಿದ್ದಲಿನಿಂದ ತಯಾರಾದ ಕೋಕ್ ಇಂಧನವು ಉಕ್ಕಿನ ಕುಲುಮೆಗಳಿಗೆ ಹೋಗುತ್ತಿತ್ತು. ಈ ಸರಕನ್ನು ಸಾಗಿಸಲು ನದಿಕಣಿವೆಗಳ ಉದ್ದಕ್ಕೂ ಹಲವು ರೈಲುಮಾರ್ಗಗಳು ಬಂದವು. ಅವುಗಳ ಪೈಕಿ ವೆಸ್ಟರ್ನ್ ಮೇರಿಲ್ಯಾಂಡ್ ರೈಲ್ವೆಯ ಕಂಬರ್‌ಲ್ಯಾಂಡ್–ಕನೆಲ್ಸ್‌ವಿಲ್ ಮಾರ್ಗವು 1912ರಲ್ಲಿ ಆರಂಭವಾಯಿತು. ಗಣಿಗಳು ಬರಿದಾಗಿ, ಉಕ್ಕಿನ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿದಾಗ ರೈಲುಗಳಿಗೆ ಸರಕು ಇಲ್ಲವಾಯಿತು. 1975ರಲ್ಲಿ ಈ ಮಾರ್ಗದ ಬಹುಭಾಗವನ್ನು ಕೈಬಿಡಲಾಯಿತು. ಕೆಲಸ ಅರಸಿ ಯುವಜನರು ಊರು ತೊರೆದರು, ನಿಲ್ದಾಣಗಳು ಪಾಳುಬಿದ್ದವು, ಪೇಟೆಬೀದಿಯ ಅಂಗಡಿಗಳು ಮುಚ್ಚಿದವು.

ದಾರಿ ಒಡೆದುಹೋಗದಂತೆ ತಡೆದ ಕ್ರಮ

ಕೈಬಿಟ್ಟ ರೈಲುಮಾರ್ಗದ ಬೆಲೆ ಇರುವುದು ಅದರ ಅಖಂಡತೆಯಲ್ಲಿ. ನಡುವಿನ ಒಂದು ಕಿಲೋಮೀಟರ್ ಮಾರಾಟವಾದರೆ ಉಳಿದ ನೂರು ಕಿಲೋಮೀಟರ್ ದಾರಿಯಾಗಿ ಉಪಯೋಗಕ್ಕೆ ಬರುವುದಿಲ್ಲ. ಇದನ್ನು ಮನಗಂಡ ಒಂದು ನಿಸರ್ಗ ಸಂರಕ್ಷಣಾ ಸಂಸ್ಥೆಯು 1978ರಲ್ಲಿ ಒಹಾಯೋಪೈಲ್ ಊರಿನ ಬಳಿಯ ಭಾಗವನ್ನು ಖರೀದಿಸಿ ಇಟ್ಟುಕೊಂಡಿತು. 1986ರಲ್ಲಿ ಅಲ್ಲಿಯೇ ಸುಮಾರು 15 ಕಿ.ಮೀ. ಉದ್ದದ ಮೊದಲ ತುಂಡು ಸೈಕಲ್ ಸವಾರರಿಗೆ ತೆರೆದುಕೊಂಡಿತು. ಕೊನೆಯ ತುಂಡು ಪಿಟ್ಸ್‌ಬರ್ಗ್‌ನಲ್ಲಿ ಪೂರ್ಣಗೊಂಡದ್ದು 2013ರಲ್ಲಿ. ನಡುವೆ ಕಳೆದದ್ದು 27 ವರ್ಷ.

ಇಂತಹ ಮಾರ್ಗಗಳ ರಕ್ಷಣೆಗಾಗಿ ಅಮೆರಿಕದ ಸಂಸತ್ತು 1983ರಲ್ಲಿ ರಾಷ್ಟ್ರೀಯ ಹಾದಿಗಳ ಕಾಯಿದೆಗೆ ತಿದ್ದುಪಡಿ ತಂದಿತು. ಅದರಂತೆ ರೈಲು ಓಡಾಟ ನಿಂತ ಮಾರ್ಗವನ್ನು ಕಂಪನಿಯು ಸ್ಥಳೀಯ ಸಂಸ್ಥೆಗೆ ಹಾದಿಯಾಗಿ ಬಳಸಲು ಒಪ್ಪಿಸಬಹುದು. ಮುಂದೆ ಎಂದಾದರೂ ರೈಲು ಬೇಕಾದಲ್ಲಿ ಮಾರ್ಗವನ್ನು ಹಿಂಪಡೆಯುವ ಅವಕಾಶವೂ ಉಳಿಯುತ್ತದೆ. ಇದಕ್ಕೆ ವಿರೋಧ ಇರಲಿಲ್ಲವೆಂದಲ್ಲ. ರೈಲ್ವೆಗೆ ಕೇವಲ ಹಾದುಹೋಗುವ ಹಕ್ಕನ್ನು ಮಾತ್ರ ಕೊಟ್ಟಿದ್ದೆವು, ರೈಲು ನಿಂತ ಮೇಲೆ ಭೂಮಿ ತಮಗೆ ಮರಳಬೇಕು ಎಂಬುದು ಅಕ್ಕಪಕ್ಕದ ಭೂಮಾಲೀಕರ ವಾದವಾಗಿತ್ತು. ವಿವಾದ ಅಲ್ಲಿನ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. 1990ರಲ್ಲಿ ನ್ಯಾಯಾಲಯವು ಕಾಯಿದೆಯನ್ನು ಎತ್ತಿಹಿಡಿಯಿತು; ಅದೇ ವೇಳೆ, ಹಕ್ಕು ಕಳೆದುಕೊಂಡ ಮಾಲೀಕರು ಸರ್ಕಾರದಿಂದ ಪರಿಹಾರ ಕೋರಲು ಅವಕಾಶವಿದೆಯೆಂದೂ ತಿಳಿಸಿತು.

ಜಲ್ಲಿಪುಡಿಯ ಹಾಸು ಮತ್ತು ಇಳಿಜಾರು

ಹಾದಿಯ ಬಹುಭಾಗಕ್ಕೆ ಡಾಂಬರು ಅಥವಾ ಕಾಂಕ್ರೀಟ್ ಹಾಕಿಲ್ಲ. ಸುಣ್ಣಕಲ್ಲಿನ ಸಣ್ಣ ಜಲ್ಲಿ ಮತ್ತು ಪುಡಿಯನ್ನು ಹರಡಿ, ನೀರು ಚಿಮುಕಿಸಿ, ರೋಲರ್‌ನಿಂದ ಒತ್ತಿ ಗಟ್ಟಿಗೊಳಿಸಲಾಗಿದೆ. ಪುಡಿಯು ಜಲ್ಲಿಯ ಸಂದುಗಳಲ್ಲಿ ಸೇರಿ ಬಿಗಿಯಾಗುವುದರಿಂದ ಸಾಮಾನ್ಯ ಸೈಕಲ್ಲಿನ ಚಕ್ರವೂ ಹೂತುಕೊಳ್ಳುವುದಿಲ್ಲ. ದೊಡ್ಡ ಜಲ್ಲಿಯನ್ನು ಮಾತ್ರ ಸುರಿದರೆ ಚಕ್ರ ಜಾರುತ್ತದೆ. ಪುಡಿಯನ್ನು ಮಾತ್ರ ಹಾಕಿದರೆ ಮಳೆಗೆ ಕೊಚ್ಚಿಹೋಗುತ್ತದೆ. ಎರಡರ ಹದವಾದ ಮಿಶ್ರಣವೇ ಮುಖ್ಯ.

ಇಂತಹ ಹಾಸಿಗೆ ದೊಡ್ಡ ಶತ್ರು ನೀರು. ಆದುದರಿಂದ ನೀರು ನಿಲ್ಲದಂತೆ ಮೇಲ್ಮೈಗೆ ಅಡ್ಡ ಇಳಿಜಾರು, ಬದಿಯಲ್ಲಿ ಚರಂಡಿ ಮತ್ತು ಅಡ್ಡಹಳ್ಳಗಳಿಗೆ ಮೋರಿ ಇರಲೇಬೇಕು. ರೈಲ್ವೆ ಎಂಜಿನಿಯರರು ಶತಮಾನದ ಹಿಂದೆಯೇ ಏರಿ, ಮೋರಿ, ಸೇತುವೆಗಳನ್ನು ಕಟ್ಟಿದ್ದರಿಂದ ಹಾದಿ ನಿರ್ಮಿಸುವವರಿಗೆ ಅತ್ಯಂತ ವೆಚ್ಚದ ಭಾಗ ಸಿದ್ಧವಾಗಿಯೇ ದೊರೆಯಿತು. ಹಾಗೆಂದು ದುರಸ್ತಿಯ ವೆಚ್ಚ ಕಡಿಮೆಯಿರಲಿಲ್ಲ. ಸುಮಾರು 1,000 ಮೀಟರ್ ಉದ್ದದ ಬಿಗ್ ಸ್ಯಾವೇಜ್ ಸುರಂಗವನ್ನು ಭದ್ರಪಡಿಸಿದ ಬಳಿಕವೇ ಹಾದಿ ಕಂಬರ್‌ಲ್ಯಾಂಡ್ ಮುಟ್ಟಿತು. ಒಳಗೆ ನೀರು ಹೆಪ್ಪುಗಟ್ಟಿ ಗೋಡೆ ಹಾಳಾಗದಂತೆ ಈ ಸುರಂಗದ ಬಾಗಿಲುಗಳನ್ನು ಪ್ರತಿ ಚಳಿಗಾಲದಲ್ಲಿಯೂ ಮುಚ್ಚಲಾಗುತ್ತದೆ. ಮೈಯರ್ಸ್‌ಡೇಲ್ ಬಳಿಯ ಸಾಲಿಸ್‌ಬರಿ ಮೇಲ್ಸೇತುವೆಯ ಉದ್ದ ಸುಮಾರು 580 ಮೀಟರ್. ಅದರ ಮೇಲಿನಿಂದ ಕಣಿವೆಯ ಹೊಲಗದ್ದೆಗಳೂ ಕ್ಯಾಸಲ್‌ಮನ್ ನದಿಯೂ ಕಾಣುತ್ತವೆ.

ಸರಕು ರೈಲು ಕಡಿದಾದ ಏರು ಹತ್ತಲಾರದು. ಈ ಕಾರಣದಿಂದ ಹಾದಿಯ ಏರಿಳಿತವೂ ಸೌಮ್ಯವಾಗಿದೆ. ಹಾದಿಯ ಅತ್ಯುನ್ನತ ಸ್ಥಳವು ಸಮುದ್ರಮಟ್ಟದಿಂದ ಸುಮಾರು 729 ಮೀಟರ್ ಎತ್ತರದಲ್ಲಿದೆ. ಕಂಬರ್‌ಲ್ಯಾಂಡ್ ಕಡೆಯಿಂದ ಅಲ್ಲಿಗೆ ಸುಮಾರು 38 ಕಿ.ಮೀ. ದೂರದಲ್ಲಿ 540 ಮೀಟರ್‌ನಷ್ಟು ಏರಬೇಕು. ಅಂದರೆ ನೂರು ಮೀಟರ್ ಸಾಗುವಾಗ ಏರುವುದು ಸರಾಸರಿ ಒಂದೂವರೆ ಮೀಟರ್‌ಗಿಂತ ಕಡಿಮೆ. ಪಿಟ್ಸ್‌ಬರ್ಗ್ ಕಡೆಯ ಏರಂತೂ ಸವಾರನಿಗೆ ತಿಳಿಯುವುದೇ ಇಲ್ಲ. ಮಕ್ಕಳೂ ಅರವತ್ತು ದಾಟಿದವರೂ ದಿನಗಟ್ಟಲೆ ಪಯಣಿಸಲು ಸಾಧ್ಯವಾಗಿರುವುದು ಇದರಿಂದಲೇ. ಹಾದಿಯಲ್ಲಿ ಕಾರು, ಮೋಟಾರ್ ಸೈಕಲ್‌ಗಳಿಗೆ ಪ್ರವೇಶವಿಲ್ಲ.

ಹಾದಿಯ ಊರುಗಳು

ಹಾದಿಯು ಕಾಡು, ನದಿದಂಡೆ, ಹೊಲಗಳ ನಡುವೆ ಸಾಗಿ ಹಳೆಯ ಪಟ್ಟಣಗಳನ್ನು ಮುಟ್ಟುತ್ತದೆ. ಕಾನ್‌ಫ್ಲುಯೆನ್ಸ್ ಎಂಬ ಊರಿನ ಹೆಸರಿಗೆ ಸಂಗಮವೆಂದೇ ಅರ್ಥ. ಯಾಕಿಯೋಗೇನಿ ಮತ್ತು ಕ್ಯಾಸಲ್‌ಮನ್ ನದಿಗಳು ಹಾಗೂ ಲಾರೆಲ್ ಹಿಲ್ ಹಳ್ಳ ಅಲ್ಲಿ ಕೂಡುತ್ತವೆ, ತಿರುಮಕೂಡಲಿನಂತೆಯೇ ಅದೂ ಒಂದು ಕೂಡಲು. ಮೈಯರ್ಸ್‌ಡೇಲ್‌ನ ಹಳೆಯ ರೈಲು ನಿಲ್ದಾಣ ಈಗ ವಸ್ತುಸಂಗ್ರಹಾಲಯ ಮತ್ತು ಪ್ರವಾಸಿ ಮಾಹಿತಿ ಕೇಂದ್ರವಾಗಿದೆ.

ಆದರೆ ಹಾದಿ ಊರ ಪಕ್ಕದಲ್ಲಿ ಹಾದುಹೋದ ಮಾತ್ರಕ್ಕೆ ಊರಿಗೆ ಆದಾಯ ಬಾರದು. ಸವಾರನು ಹಾದಿಯಿಂದ ಇಳಿದು ಪೇಟೆಗೆ ಬಂದರೆ ಮಾತ್ರ ಊಟ, ವಸತಿ, ಸೈಕಲ್ ದುರಸ್ತಿಗೆ ಹಣ ವ್ಯಯಿಸುತ್ತಾನೆ. ಈ ಉದ್ದೇಶದಿಂದ 2007ರಲ್ಲಿ ಅಲ್ಲಿನ ಸಾಲ ನೀಡುವ ಲಾಭರಹಿತ ಸಂಸ್ಥೆಯೊಂದು ‘ಹಾದಿಯ ಊರು’ ಎಂಬ ಕಾರ್ಯಕ್ರಮ ಆರಂಭಿಸಿತು. ಹಾದಿಯಿಂದ ಪೇಟೆಗೆ ನಾಮಫಲಕ ಇದೆಯೇ, ನೀರು ಮತ್ತು ಶೌಚಾಲಯ ಇದೆಯೇ, ಸೈಕಲ್ ನಿಲ್ಲಿಸಲು ಜಾಗವಿದೆಯೇ, ಸವಾರರು ಬರುವ ಹೊತ್ತಿಗೆ ಅಂಗಡಿಗಳು ತೆರೆದಿರುತ್ತವೆಯೇ ಎಂಬ ಸರಳ ಪ್ರಶ್ನೆಗಳೊಂದಿಗೆ ಊರುಗಳನ್ನು ಪರಿಶೀಲಿಸುವುದು ಮತ್ತು ವಸತಿಗೃಹ, ಸೈಕಲ್ ಅಂಗಡಿ ತೆರೆಯುವವರಿಗೆ ಸಾಲ ಹಾಗೂ ಸಲಹೆ ನೀಡುವುದು ಅದರ ಕಾರ್ಯ. ಉಕ್ಕಿನ ಕಾರ್ಖಾನೆ ನೀಡುತ್ತಿದ್ದಷ್ಟು ಉದ್ಯೋಗವನ್ನು ಸೈಕಲ್ ಹಾದಿ ನೀಡಲಾರದು. ಆದರೂ ಮುಚ್ಚಿದ್ದ ಕೆಲವು ಬಾಗಿಲುಗಳನ್ನು ಅದು ತೆರೆಸಿತು.

ಕಾಲುವೆ ದಂಡೆಯ ದಾರಿ

ಕಂಬರ್‌ಲ್ಯಾಂಡ್‌ನಲ್ಲಿ ಈ ಹಾದಿಯು ಚೆಸಪೀಕ್ ಮತ್ತು ಒಹಾಯೋ ಕಾಲುವೆಯ ದಂಡೆಯ ದಾರಿಯೊಂದಿಗೆ ಕೂಡಿಕೊಂಡು ರಾಜಧಾನಿ ವಾಷಿಂಗ್ಟನ್‌ವರೆಗೆ ಇನ್ನೂ 297 ಕಿ.ಮೀ. ಮುಂದುವರಿಯುತ್ತದೆ. 1828ರಲ್ಲಿ ಆರಂಭವಾಗಿ 1850ರಲ್ಲಿ ಕಂಬರ್‌ಲ್ಯಾಂಡ್ ತಲುಪಿದ ಈ ಕಾಲುವೆಯಲ್ಲಿ ಹೇಸರಗತ್ತೆಗಳು ದಂಡೆಯ ಮೇಲೆ ನಡೆಯುತ್ತ ಸರಕಿನ ದೋಣಿಗಳನ್ನು ಹಗ್ಗದಿಂದ ಎಳೆಯುತ್ತಿದ್ದವು. 1924ರ ಪ್ರವಾಹದ ನಂತರ ದೋಣಿ ಸಂಚಾರ ನಿಂತಿತು. ಮುಂದೆ ಕಾಲುವೆಯ ಗುಂಟ ಮೋಟಾರು ರಸ್ತೆ ನಿರ್ಮಿಸುವ ಯೋಜನೆ ಸಿದ್ಧವಾದಾಗ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ವಿಲಿಯಂ ಡಗ್ಲಸ್ ಅವರು 1954ರಲ್ಲಿ ಪತ್ರಿಕಾ ಸಂಪಾದಕರನ್ನು ಜೊತೆಗೆ ಕರೆದುಕೊಂಡು ಈ ದಾರಿಯಲ್ಲಿ ಕಾಲ್ನಡಿಗೆ ಕೈಗೊಂಡರು. ನಡೆದು ನೋಡಿದವರ ಅಭಿಪ್ರಾಯ ಬದಲಾಯಿತು. ರಸ್ತೆ ಯೋಜನೆ ಕೈಬಿಡಲಾಯಿತು. 1971ರಲ್ಲಿ ಕಾಲುವೆಯು ರಾಷ್ಟ್ರೀಯ ಐತಿಹಾಸಿಕ ಉದ್ಯಾನವಾಯಿತು. ಇಂದು ದಾರಿಯುದ್ದಕ್ಕೂ ಕೈಪಂಪು ಮತ್ತು ಶೌಚಾಲಯವುಳ್ಳ ಸರಳ ತಂಗುದಾಣಗಳಿವೆ. ತೂಬುಗಾವಲಿನವರು ವಾಸಿಸುತ್ತಿದ್ದ ಹಳೆಯ ಕಲ್ಲಿನ ಮನೆಗಳ ಪೈಕಿ ಕೆಲವನ್ನು ರಾತ್ರಿ ತಂಗಲು ಬಾಡಿಗೆಗೆ ನೀಡಲಾಗುತ್ತಿದೆ.

ನಿರ್ವಹಣೆ ಯಾರದು?

ಗ್ರೇಟ್ ಅಲೆಗೇನಿ ಪ್ಯಾಸೇಜ್ ಒಂದೇ ಇಲಾಖೆಯ ಒಡೆತನದಲ್ಲಿಲ್ಲ. ಬೇರೆ ಬೇರೆ ಭಾಗಗಳು ರಾಜ್ಯ ಉದ್ಯಾನ, ಕೌಂಟಿ ಆಡಳಿತ ಮತ್ತು ಹಾದಿ ಸಂಸ್ಥೆಗಳ ವಶದಲ್ಲಿವೆ. ಹುಲ್ಲು ಕೊಯ್ಯುವುದು, ಬಿದ್ದ ಮರ ತೆರವುಗೊಳಿಸುವುದು, ಮೋರಿಗಳ ಹೂಳು ತೆಗೆಯುವುದು ಮುಂತಾದ ಕೆಲಸಗಳ ದೊಡ್ಡ ಪಾಲನ್ನು ಆಯಾ ಭಾಗದ ಸ್ವಯಂಸೇವಾ ತಂಡಗಳು ನಿರ್ವಹಿಸುತ್ತವೆ. ಯಾವ ಭಾಗ ಯಾರ ಹೊಣೆ ಎಂಬುದು ಸ್ಪಷ್ಟವಾಗಿರುವುದರಿಂದ ಹಾದಿ ಉಳಿದಿದೆ.

ಸದಸ್ಯರು ಗಮನಿಸಬೇಕಾದ ಅಂಶಗಳು

ನಮ್ಮ ಪಂಚಾಯಿತಿಗಳಲ್ಲಿ ಇಂತಹ ಹಾದಿಯನ್ನು ಈಗಲೇ ನಿರ್ಮಿಸಬೇಕೆಂಬುದು ಈ ಲೇಖನದ ಆಶಯವಲ್ಲ. ಕೆಳಗಿನ ಅಂಶಗಳು ಮಾತ್ರ ಇಲ್ಲಿಗೂ ಅನ್ವಯಿಸುತ್ತವೆ.

1. ಗ್ರಾಮ ನಕ್ಷೆಯಲ್ಲಿ ಬಂಡಿದಾರಿ ಮತ್ತು ಕಾಲುದಾರಿಗಳು ಗುರುತಾಗಿವೆ. ಅನೇಕ ಕಡೆ ಅವು ಉಳುಮೆಗೆ ಸೇರಿ, ಬೇಲಿಯೊಳಗೆ ಮರೆಯಾಗಿವೆ. ಒಂದು ಹೊಲದ ಬಳಿ ದಾರಿ ಮುಚ್ಚಿದರೆ ಅದರ ಆಚೆಯ ಎಲ್ಲ ಹೊಲಗಳ ರೈತರಿಗೂ ದಾರಿ ತಪ್ಪುತ್ತದೆ. ಸದಸ್ಯರು ತಮ್ಮ ಕ್ಷೇತ್ರದ ನಕ್ಷೆಯನ್ನು ಪಡೆದು, ದಾರಿಗಳನ್ನು ನಡೆದು ನೋಡಿ ಪಟ್ಟಿ ಮಾಡುವುದು ಮೊದಲ ಹೆಜ್ಜೆ.

2. ಒತ್ತುವರಿ ಕಂಡುಬಂದಲ್ಲಿ ಗ್ರಾಮಸಭೆಯಲ್ಲಿ ಚರ್ಚಿಸಿ, ಅಳತೆ ಹಾಗೂ ತೆರವಿಗಾಗಿ ತಹಶೀಲ್ದಾರರಿಗೆ ಬರೆಯಬೇಕು. ಅಕ್ಕಪಕ್ಕದ ರೈತರ ಅಹವಾಲನ್ನು ಮೊದಲೇ ಆಲಿಸುವುದು ಮುಂದಿನ ವ್ಯಾಜ್ಯವನ್ನು ತಪ್ಪಿಸುತ್ತದೆ.

3. ಕಾಲುವೆ ದಂಡೆ, ಹಲವು ಕೆರೆಗಳ ಏರಿ, ರೈಲ್ವೆ ಜಮೀನುಗಳು ಅನ್ಯ ಇಲಾಖೆಗಳ ಸ್ವತ್ತು. ಅವುಗಳ ಮೇಲೆ ಯಾವುದೇ ಕಾಮಗಾರಿಗೆ ಮುನ್ನ ಸಂಬಂಧಿಸಿದ ಇಲಾಖೆಯ ಲಿಖಿತ ಒಪ್ಪಿಗೆ ಅಗತ್ಯ.

4. ಹೊಲದ ದಾರಿಗೆ ಗರಸು ಹಾಸುವಾಗ ಚರಂಡಿ ಮತ್ತು ಮೋರಿಯನ್ನು ಅಂದಾಜು ಪಟ್ಟಿಯಿಂದ ಕೈಬಿಡಬಾರದು. ನೀರಿಗೆ ದಾರಿ ಕೊಡದ ರಸ್ತೆ ಒಂದು ಮುಂಗಾರನ್ನೂ ತಾಳುವುದಿಲ್ಲ.

5. ಕೋಟೆ, ಹಳೆಯ ದೇಗುಲ, ಜಲಪಾತ ಮುಂತಾದ ತಾಣಗಳಿಗೆ ಪ್ರವಾಸಿಗರು ಬರುವ ಊರುಗಳಲ್ಲಿ, ಅವರು ತಾಣವನ್ನು ನೋಡಿ ಹಾಗೆಯೇ ಮರಳುತ್ತಾರೋ, ಊರೊಳಗೆ ಬರುತ್ತಾರೋ ಎಂಬುದನ್ನು ಪರಿಶೀಲಿಸಬೇಕು. ನಾಮಫಲಕ, ಕುಡಿಯುವ ನೀರು, ಶುಚಿಯಾದ ಶೌಚಾಲಯ ಇವು ಪಂಚಾಯಿತಿಯ ಶಕ್ತಿಯೊಳಗಿನ ಕೆಲಸಗಳೇ. ಸ್ತ್ರೀಶಕ್ತಿ ಮತ್ತು ಸ್ವಸಹಾಯ ಗುಂಪುಗಳು ಊಟ, ತಿಂಡಿಯ ವ್ಯವಸ್ಥೆಯನ್ನು ವಹಿಸಿಕೊಳ್ಳಬಹುದು.

ಒಹಾಯೋಪೈಲ್‌ನ ತುಂಡು ನೆಲವನ್ನು 1978ರಲ್ಲಿ ಖರೀದಿಸಿದಾಗ 240 ಕಿ.ಮೀ. ಹಾದಿ ಕಣ್ಣೆದುರಿಗೆ ಇರಲಿಲ್ಲ. ಆ ನೆಲ ಅಂದು ಕೈತಪ್ಪಿದ್ದರೆ ಮುಂದಿನ ಯಾವ ಅನುದಾನದಿಂದಲೂ ಹಾದಿಯನ್ನು ಜೋಡಿಸಲು ಆಗುತ್ತಿರಲಿಲ್ಲ. ನಕ್ಷೆಯಲ್ಲಿರುವ ದಾರಿಗಳ ಪಟ್ಟಿ ತಯಾರಿಸುವ ವಿಷಯವನ್ನು ಮುಂಬರುವ ಗ್ರಾಮಸಭೆಯ ಕಾರ್ಯಸೂಚಿಯಲ್ಲಿ ಸೇರಿಸಿದರೆ ಉಪಯುಕ್ತವಾಗುವುದು.