ಕೇಳುವ ಹೃದಯ

ಜೆರುಸಲೇಮಿನಿಂದ ವಾಯವ್ಯಕ್ಕೆ ಸುಮಾರು 10 ಕಿಲೋಮೀಟರ್ ಹೋದರೆ ಅಲ್-ಜೀಬ್ ಎಂಬ ಹಳ್ಳಿ ಸಿಗುತ್ತದೆ. 1956ರಲ್ಲಿ ಅಮೆರಿಕದ ಪುರಾತತ್ವಜ್ಞ ಜೇಮ್ಸ್ ಪ್ರಿಚರ್ಡ್ ಅಲ್ಲಿ ಅಗೆತ ಶುರು ಮಾಡಿದಾಗ ಮಣ್ಣಿನ ಹೂಜಿಗಳ ಹಿಡಿಗಳು ಸಿಕ್ಕವು. ಅವುಗಳ ಮೇಲೆ ಹೀಬ್ರೂ ಅಕ್ಷರಗಳಲ್ಲಿ ಗಿಬ್ಯೋನ್ ಎಂದು ಕೊರೆದಿತ್ತು. ಸೊಲೊಮೋನ ರಾಜ ಕನಸು ಕಂಡನೆಂದು ಬೈಬಲ್ ಹೇಳುವ ಊರು ಅದೇ.

ಏನು ಬೇಕೋ ಕೇಳು ಎಂದು ಕನಸಿನಲ್ಲಿ ದೇವರು ಅನ್ನುತ್ತಾನೆ. ತಾನಿನ್ನೂ ಚಿಕ್ಕ ಹುಡುಗ, ಹೋಗಿ ಬರುವ ದಾರಿಯೂ ಗೊತ್ತಿಲ್ಲ ಎಂದು ರಾಜ ಒಪ್ಪಿಕೊಳ್ಳುತ್ತಾನೆ. ಅಷ್ಟು ಮುಗ್ಧನೇನೂ ಅಲ್ಲ ಬಿಡಿ. ಈ ಕನಸಿನ ಹಿಂದಿನ ಅಧ್ಯಾಯದಲ್ಲೇ ಅಣ್ಣ ಅದೋನೀಯನನ್ನು ಕೊಲ್ಲಿಸಿದ್ದಾನೆ. ಆದರೂ ಆ ರಾತ್ರಿ ಅವನು ಆಯುಷ್ಯ ಬೇಡಲಿಲ್ಲ, ಐಶ್ವರ್ಯ ಬೇಡಲಿಲ್ಲ, ಶತ್ರುಗಳ ತಲೆ ಬೇಡಲಿಲ್ಲ. ಬೇಡಿದ್ದು ‘ಲೇವ್ ಶೋಮೇಅ’. ಅನುವಾದಗಳಲ್ಲಿ ವಿವೇಕ ಎಂದೋ ಬುದ್ಧಿ ಎಂದೋ ಆಗಿಬಿಡುವ ಈ ಮಾತಿನ ನೇರ ಅರ್ಥ ‘ಕೇಳುವ ಹೃದಯ’. ಬೇಡುವುದಕ್ಕೂ ಕಿವಿಗೊಡುವುದಕ್ಕೂ ಹೀಬ್ರೂವಿನಲ್ಲಿ ಬೇರೆ ಬೇರೆ ಕ್ರಿಯಾಪದಗಳಿವೆ. ಕನ್ನಡದಲ್ಲಿ ಎರಡಕ್ಕೂ ‘ಕೇಳು’ ಒಂದೇ ಸಾಕು. ಸೊಲೊಮೋನ ಕೇಳಿದ್ದು, ಕೇಳುವುದನ್ನೇ.

ಬೈಬಲ್ಲಿನ ವಿನಯವನ್ನು ತಗ್ಗಿದ ತಲೆಗಿಂತ ತೆರೆದ ಕಿವಿಯಲ್ಲಿ ಹುಡುಕಬೇಕು ಎಂಬುದು ನನ್ನ ಓದು. ಜ್ಞಾನೋಕ್ತಿಗಳ ಗ್ರಂಥದ 15ನೇ ಅಧ್ಯಾಯದ ಕೊನೆಯ ಮೂರು ವಚನಗಳನ್ನು ಒಟ್ಟಿಗೆ ಓದಿ ನೋಡಿ. ಗದರಿಕೆಗೆ ಕಿವಿಗೊಡುವವನಿಗೆ ಜ್ಞಾನಿಗಳ ನಡುವೆ ಜಾಗ ಸಿಗುತ್ತದೆ ಎನ್ನುವಲ್ಲಿ ಶುರುವಾಗಿ, ಗೌರವಕ್ಕೆ ಮೊದಲು ‘ಅನಾವಾ’ ಬೇಕು ಎನ್ನುವಲ್ಲಿ ಮುಗಿಯುತ್ತವೆ. ಅನಾವಾ ಅಂದರೆ ವಿನಯ; ಅದು ಬಡವ, ನೊಂದವ ಎಂಬ ಅರ್ಥದ ‘ಆನೀ’ ಶಬ್ದದ ಒಡಹುಟ್ಟು. ನಮ್ಮ ‘ದೀನ’ ಪದಕ್ಕೂ ಈ ಎರಡು ಮುಖಗಳಿವೆ. ಆದರೆ ಇಲ್ಲಿ ಬೇಕಿರುವುದು ಕೈಚಾಚಿ ನಿಲ್ಲುವ ದೈನ್ಯವಲ್ಲ, ತನಗೆ ಗೊತ್ತಿಲ್ಲವೆಂದು ಗೊತ್ತಿರುವವನ ಎಚ್ಚರ. ತಾನೇ ಜಾಣ ಎಂದುಕೊಂಡವನಿಗಿಂತ ಮೂಢನೇ ವಾಸಿ ಎಂದು 26ನೇ ಅಧ್ಯಾಯ ಮುಲಾಜಿಲ್ಲದೆ ಹೇಳುತ್ತದೆ.

ಕನಸಿನ ಬೆನ್ನಿಗೇ ಎಲ್ಲರಿಗೂ ಗೊತ್ತಿರುವ ಆ ವ್ಯಾಜ್ಯ ಬರುತ್ತದೆ: ಇಬ್ಬರು ತಾಯಂದಿರು, ಬದುಕಿರುವುದು ಒಂದೇ ಕೂಸು. ನಮಗೆ ನೆನಪಿರುವುದು, ನಿಜವಾದ ತಾಯಿಯನ್ನು ಗುರುತಿಸಲು ಕೂಸನ್ನು ಸೀಳಿ ಎಂದು ರಾಜ ತರಿಸಿದ ಕತ್ತಿ. ಕತ್ತಿ ತರಿಸುವ ಮುಂಚಿನ ಒಂದು ವಚನವನ್ನು ಹಾರಿಸಿಬಿಡುತ್ತೇವೆ. ಅಲ್ಲಿ ರಾಜ ತನ್ನದೇನನ್ನೂ ಹೇಳುವುದಿಲ್ಲ. ಇವಳು ಹೀಗನ್ನುತ್ತಾಳೆ, ಅವಳು ಹಾಗನ್ನುತ್ತಾಳೆ ಎಂದು ಇಬ್ಬರ ಮಾತನ್ನೂ ಹಾಗೇ ತಿರುಗಿ ನುಡಿಯುತ್ತಾನೆ, ಅಷ್ಟೇ. ಅವರಿಬ್ಬರೂ ವೇಶ್ಯೆಯರು, ಸಾಕ್ಷಿಯಿಲ್ಲದವರು. ಅಂಥವರ ಮಾತು ಅರಮನೆಯಲ್ಲಿ ಅಕ್ಷರ ಬಿಡದೆ ಮರುನುಡಿಯಾಯಿತು. ಕತ್ತಿಯ ಉಪಾಯಕ್ಕಿಂತ ನನಗೆ ದೊಡ್ಡದಾಗಿ ಕಾಣುವುದು ಇದು.

ಆ ಕಿವಿ ಕೊನೆತನಕ ಉಳಿಯಲಿಲ್ಲ. ಬಿಟ್ಟಿ ದುಡಿತ ಹೆಚ್ಚಿತು, ಪ್ರಜೆಗಳ ಮೇಲೆ ನೊಗ ಬಿಗಿಯಿತು. ಸೊಲೊಮೋನ ಸತ್ತ ಮೇಲೆ ಜನ ಶೆಕೆಮಿನಲ್ಲಿ ಸೇರಿ, ಭಾರ ಇಳಿಸು ಎಂದು ಮಗ ರೆಹಬ್ಬಾಮನ ಮುಂದೆ ನಿಂತರು. ಇಂದು ನೀನು ಇವರ ಸೇವಕನಾದರೆ ಇವರು ಎಂದೆಂದಿಗೂ ನಿನ್ನವರಾಗುತ್ತಾರೆ ಎಂದು ಹಿರಿಯರು ತಿಳಿಹೇಳಿದರು. ಅವನಿಗೆ ರುಚಿಸಿದ್ದು ಜೊತೆಯಲ್ಲಿ ಬೆಳೆದ ‘ಹುಡುಗರ’ ಸಲಹೆ: ನನ್ನ ಕಿರುಬೆರಳು ಅಪ್ಪನ ಸೊಂಟಕ್ಕಿಂತ ದಪ್ಪ ಅನ್ನು. ಅಧಿಕಾರಕ್ಕೆ ಬಂದಾಗ ರೆಹಬ್ಬಾಮನಿಗೆ 41 ವರ್ಷವೆಂದು ಬೈಬಲ್ಲೇ ಲೆಕ್ಕ ಕೊಡುತ್ತದೆ; ಆ ಹುಡುಗರ ವಯಸ್ಸನ್ನು ನೀವೇ ಊಹಿಸಿಕೊಳ್ಳಿ. ಅರಸನು ಜನರ ಮಾತು ಕೇಳಲಿಲ್ಲ ಎಂದು ಅಲ್ಲಿ ಬರೆದಿದೆ. ಗಿಬ್ಯೋನಿನಲ್ಲಿ ಅಪ್ಪ ಬಳಸಿದ ಕ್ರಿಯಾಪದವೇ ಮಗನ ಪಾಲಿಗೆ ನಕಾರದಲ್ಲಿ ಬಂದಿದೆ.

ಹತ್ತು ಕುಲಗಳು ರಾಜ್ಯದಿಂದ ಕಳಚಿಕೊಂಡವು. ಬಿಟ್ಟಿಯ ಅಧಿಕಾರಿಯನ್ನು ಜನ ಕಲ್ಲೆಸೆದು ಕೊಂದರು. ರೆಹಬ್ಬಾಮ ಅವಸರವಾಗಿ ರಥ ಹತ್ತಿ ಜೆರುಸಲೇಮಿಗೆ ಓಡಿಹೋದ.